ಪುಣ್ಯಕೋಟಿ ತನ್ನ ಕರುವನ್ನು ಯಾರಿಗೆ ಒಪ್ಪಿಸಿದಳು?



ವಾರಾಂತ್ಯದ ರಾತ್ರಿ ಮಕ್ಕಳು ಮಲಗಿದ ಮೇಲೆ ನಮ್ಮಲ್ಲಿ ಅನೇಕರು ನೋಡುವ ಚಲನಚಿತ್ರಗಳಲ್ಲಿ ಒಂದು ಬಗೆ ಉಂಟು. ಜಗತ್ತು ಇದ್ದಕ್ಕಿದ್ದಂತೆ ಕುಸಿಯುತ್ತದೆ. ಒಬ್ಬ ತಂದೆಯೋ ತಾಯಿಯೋ ಪುಟ್ಟ ಮಗುವನ್ನು ಎದೆಗವಚಿಕೊಂಡು ಅಪಾಯದ ನಡುವೆ ಓಡುತ್ತಾರೆ. ಎರಡು ಗಂಟೆಗಳ ಕಾಲ ನಾವು ಉಸಿರು ಬಿಗಿಹಿಡಿದು ಕುಳಿತಿರುತ್ತೇವೆ. 2018ರಲ್ಲಿ ಬಂದ ‘ಎ ಕ್ವಯಟ್ ಪ್ಲೇಸ್’ ಚಿತ್ರದಲ್ಲಿ ಸದ್ದು ಕೇಳಿದರೆ ಎರಗುವ ಜೀವಿಗಳಿಂದ ಮಕ್ಕಳನ್ನು ಉಳಿಸಿಕೊಳ್ಳಲು ಒಂದು ಕುಟುಂಬ ಮಾತನ್ನೇ ಬಿಟ್ಟು ಬದುಕುತ್ತದೆ. ಅದೇ ವರ್ಷದ ‘ಬರ್ಡ್ ಬಾಕ್ಸ್’ ಚಿತ್ರದಲ್ಲಿ ತಾಯಿಯೊಬ್ಬಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಬ್ಬರು ಎಳೆಯ ಮಕ್ಕಳೊಡನೆ ನದಿಯಲ್ಲಿ ದೋಣಿ ಸಾಗಿಸುತ್ತಾಳೆ. ಚಿತ್ರ ಮುಗಿದ ಮೇಲೆ ನಾವು ಮೆಲ್ಲನೆ ಎದ್ದು ಮಲಗುವ ಕೋಣೆಯ ಬಾಗಿಲು ಸರಿಸಿ, ನಿದ್ರಿಸುತ್ತಿರುವ ನಮ್ಮ ಮಕ್ಕಳನ್ನು ಒಮ್ಮೆ ನೋಡಿ ಬರುತ್ತೇವೆ. ಅಂಥ ಗಳಿಗೆ ಬಂದರೆ ನಾವೂ ಹೀಗೆಯೇ ನಿಲ್ಲುತ್ತೇವೆ ಎಂದು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತೇವೆ.

ಈ ಚಿತ್ರಗಳ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಅವು ನಮ್ಮಲ್ಲಿ ಬಿತ್ತುವ ಒಂದು ನಂಬಿಕೆಯನ್ನು ಕುರಿತು ಈ ಲೇಖನದಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಅಪಾಯ ಬಂದಾಗ ಹೆತ್ತವರು ಮಗುವಿನ ಪಕ್ಕದಲ್ಲಿಯೇ ಇರುತ್ತಾರೆ ಎಂಬುದೇ ಆ ನಂಬಿಕೆ. ಬಹುಪಾಲು ಚಿತ್ರಗಳ ಕಥೆ ಆರಂಭವಾಗುವುದೇ ಅಲ್ಲಿಂದ. ನಿಜ ಜೀವನದ ಅಪಾಯಗಳು ಹೆಚ್ಚಾಗಿ ಆರಂಭವಾಗುವುದು ನಾವು ಪಕ್ಕದಲ್ಲಿ ಇಲ್ಲದಿರುವಾಗ.

ಇದನ್ನು ನನಗೆ ಕಲಿಸಿದ್ದು ಒಂದು ರಾತ್ರಿ. 2025ರ ಜೂನ್ 23ನ್ನು ಕತಾರಿನಲ್ಲಿದ್ದ ಯಾರೂ ಮರೆತಿರಲಾರರು. ಅಂದು ಸಂಜೆ ವಾಯುಮಾರ್ಗವನ್ನು ತಾತ್ಕಾಲಿಕವಾಗಿ ಮುಚ್ಚಲಾಗಿದೆ ಎಂಬ ಪ್ರಕಟಣೆ ಬಂತು. ಸ್ವಲ್ಪ ಹೊತ್ತಿನಲ್ಲಿಯೇ ಅಲ್ ಉದೈದ್ ವಾಯುನೆಲೆಯ ಮೇಲೆ ಇರಾನ್ ಹಾರಿಸಿದ ಕ್ಷಿಪಣಿಗಳನ್ನು ಆಕಾಶದಲ್ಲಿಯೇ ಹೊಡೆದುರುಳಿಸುವ ಸದ್ದು ದೋಹಾದ ಮನೆಮನೆಗೂ ಕೇಳಿಸಿತು. ದೇವರ ದಯೆಯಿಂದ ಪ್ರಾಣಹಾನಿಯಾಗಲಿಲ್ಲ. ಮಧ್ಯರಾತ್ರಿ ಕಳೆಯುವ ವೇಳೆಗೆ ವಿಮಾನಗಳು ಮತ್ತೆ ಹಾರತೊಡಗಿದವು. ಆದರೆ ಆ ಮೊದಲ ಅರ್ಧ ಗಂಟೆಯಲ್ಲಿ ಏನಾಗುತ್ತಿದೆ, ಇನ್ನೇನಾಗಲಿದೆ ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಆ ಹೊತ್ತಿನಲ್ಲಿ ನಾನು ಕೆಲಸ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿದ್ದೆ. ಮುಂದೆಯೂ ಹಿಂದೆಯೂ ವಾಹನಗಳ ಸಾಲು. ನನ್ನ ಪತ್ನಿ ಆಸ್ಪತ್ರೆಯಲ್ಲಿ ರಾತ್ರಿಪಾಳಿಗೆ ಆಗಷ್ಟೇ ಹಾಜರಾಗಿದ್ದಳು. ಆರು ವರ್ಷದ ಮಗಳು ನಮ್ಮ ಮೇಲ್ಮಹಡಿಯಲ್ಲಿ ವಾಸಿಸುವ ಪುತ್ತೂರು ಕಡೆಯ ಅಕ್ಕನ ಮನೆಯಲ್ಲಿದ್ದಳು. ತಲೆಯ ಮೇಲೆ ಬೆಳಕಿನ ಗೆರೆಗಳು ಮೂಡಿ, ಗಾಜು ನಡುಗುವಂಥ ಸದ್ದು ಕೇಳಿದಾಗ ನಾನು ಮಾಡಲು ಸಾಧ್ಯವಾದುದು ಒಂದೇ: ದೂರವಾಣಿ ಹಿಡಿದು ಮತ್ತೆ ಮತ್ತೆ ಕರೆ ಮಾಡುವುದು. ಏಳನೆಯದೋ ಎಂಟನೆಯದೋ ಪ್ರಯತ್ನಕ್ಕೆ ಕರೆ ಸೇರಿತು.

“ಅಕ್ಕ, ಮಗು ಎಲ್ಲಿದ್ದಾಳೆ?”

“ಎಂತ ಆಗ್ಲಿಲ್ಲ ಮಾರಾಯ್ರೇ. ಕಿಟಕಿ ಹತ್ತಿರ ಬೇಡ ಅಂತ ಮೂವರು ಮಕ್ಕಳನ್ನೂ ಒಳಗಿನ ಪ್ಯಾಸೇಜಿನಲ್ಲಿ ಕೂರಿಸಿದ್ದೇನೆ. ನಿಮ್ಮವಳು ಮೊಸರನ್ನ ತಿಂತಾ ಇದ್ದಾಳೆ. ನೀವು ಗಡಿಬಿಡಿ ಮಾಡಬೇಡಿ, ನಿಧಾನ ಗಾಡಿ ಓಡಿಸಿ.”

ಆ ರಾತ್ರಿ ನನ್ನ ಮಗಳನ್ನು ಕಾಪಾಡಿದವನು ನಾನಲ್ಲ. ಮಕ್ಕಳನ್ನು ಕಿಟಕಿಯಿಂದ ದೂರ ಸರಿಸಬೇಕೆಂದು ಹೊಳೆದದ್ದು ಆ ಅಕ್ಕನಿಗೆ. ಹೆದರಿದ ಮಗುವಿನ ಕೈಗೆ ಮೊಸರನ್ನದ ಬಟ್ಟಲು ಕೊಟ್ಟರೆ ಅದರ ಗಮನ ಬೇರೆಡೆ ಹೊರಳುತ್ತದೆ ಎಂಬುದು ತಿಳಿದಿದ್ದದ್ದೂ ಅವರಿಗೇ. ನಾಚಿಕೆಯಿಂದ ಒಂದು ಮಾತು ಒಪ್ಪಿಕೊಳ್ಳಬೇಕು. ಒಂದೇ ಕಟ್ಟಡದಲ್ಲಿ ನಾಲ್ಕು ವರ್ಷ ವಾಸಿಸಿದ್ದರೂ ಅವರ ದೂರವಾಣಿ ಸಂಖ್ಯೆಯನ್ನು ನಾನು ನನ್ನ ಮೊಬೈಲಿನಲ್ಲಿ ಉಳಿಸಿಕೊಂಡದ್ದು ಆ ಘಟನೆಗೆ ಎರಡು ತಿಂಗಳ ಹಿಂದೆ. ಅದೂ ಪತ್ನಿಯ ಪಾಳಿ ಬದಲಾದ ಕಾರಣಕ್ಕೆ. ಪಾಳಿ ಬದಲಾಗದಿದ್ದಿದ್ದರೆ ಅಂದು ನಾನು ಯಾರಿಗೆ ಕರೆ ಮಾಡುತ್ತಿದ್ದೆ?

ಈ ಪ್ರಶ್ನೆಯನ್ನು ಇಟ್ಟುಕೊಂಡು ಅದೇ ಬಗೆಯ ಚಿತ್ರಗಳನ್ನು ಮತ್ತೊಮ್ಮೆ ನೋಡಿದಾಗ, ಅವುಗಳಲ್ಲಿ ಉತ್ತಮವಾದವು ಈ ಸತ್ಯವನ್ನು ಬಲ್ಲವು ಎಂಬುದು ಅರಿವಿಗೆ ಬಂತು. 2016ರ ಕೊರಿಯನ್ ಚಿತ್ರ ‘ಟ್ರೇನ್ ಟು ಬುಸಾನ್’ ಅನ್ನು ನಮ್ಮಲ್ಲಿ ಹಲವರು ನೋಡಿದ್ದಾರೆ. ಸೋಂಕಿತರಿಂದ ತುಂಬಿದ ರೈಲಿನಲ್ಲಿ ತಂದೆಯೊಬ್ಬ ತನ್ನ ಪುಟ್ಟ ಮಗಳನ್ನು ಉಳಿಸಿಕೊಳ್ಳಲು ಹೆಣಗುವ ಕಥೆ ಅದು. ಆರಂಭದಲ್ಲಿ ಮಗಳು ವೃದ್ಧೆಯೊಬ್ಬರಿಗೆ ಕುಳಿತುಕೊಳ್ಳಲು ಜಾಗ ಬಿಟ್ಟುಕೊಟ್ಟಾಗ ಆ ತಂದೆ, ಇಂಥ ಹೊತ್ತಿನಲ್ಲಿ ನಿನ್ನನ್ನು ನೀನು ನೋಡಿಕೊಂಡರೆ ಸಾಕು ಎಂದು ಬುದ್ಧಿ ಹೇಳುತ್ತಾನೆ. ಚಿತ್ರ ಮುಂದುವರಿದಂತೆ ಅವನ ಆ ಉಪದೇಶವೇ ಸುಳ್ಳಾಗುತ್ತದೆ. ಅಪರಿಚಿತ ಸಹಪ್ರಯಾಣಿಕರ ನೆರವಿಲ್ಲದೆ ಅವನು ಒಂದು ಬೋಗಿಯಿಂದ ಇನ್ನೊಂದಕ್ಕೂ ದಾಟಲಾರ. ಕೊನೆಯಲ್ಲಿ ಅವನು ಉಳಿಯುವುದಿಲ್ಲ. ಮಗಳ ಕೈಹಿಡಿದು ಕತ್ತಲೆಯ ಸುರಂಗ ದಾಟಿಸುವವಳು ಆ ರೈಲಿನಲ್ಲಿ ಪರಿಚಯವಾದ ಒಬ್ಬ ಗರ್ಭಿಣಿ.

2015ರ ‘ರೂಮ್’ ಚಿತ್ರ ಇನ್ನೂ ಸೂಕ್ಷ್ಮವಾದುದು. ಎಮ್ಮಾ ಡೊನಹ್ಯೂ ತಮ್ಮದೇ ಕಾದಂಬರಿಗೆ ಚಿತ್ರಕಥೆ ಬರೆದ ಈ ಚಿತ್ರದಲ್ಲಿ, ದುಷ್ಟನೊಬ್ಬನು ಕೂಡಿಹಾಕಿದ ಒಂದೇ ಕೋಣೆಯಲ್ಲಿ ತಾಯಿ ತನ್ನ ಐದು ವರ್ಷದ ಮಗನನ್ನು ಬೆಳೆಸುತ್ತಾಳೆ. ಮಗನನ್ನು ನೆಲಹಾಸಿನಲ್ಲಿ ಸುತ್ತಿ ಹೊರಗೆ ಕಳುಹಿಸುವ ಅವಳ ಉಪಾಯ ಅಸಾಮಾನ್ಯವಾದುದು. ಆದರೆ ಆ ಉಪಾಯ ಫಲಿಸಬೇಕಾದರೆ ಹೊರಗೆ ಇಬ್ಬರು ಬೇಕಾಗುತ್ತಾರೆ. ಒಬ್ಬ, ನಾಯಿಯನ್ನು ತಿರುಗಾಡಿಸಲು ಬಂದು, ಇಲ್ಲೇನೋ ಸರಿಯಿಲ್ಲ ಎಂದು ನಿಂತು ವಿಚಾರಿಸುವ ದಾರಿಹೋಕ. ಇನ್ನೊಬ್ಬಳು, ಹೆದರಿ ತೊದಲುವ ಮಗುವಿನ ಮಾತನ್ನು ತಾಳ್ಮೆಯಿಂದ ಕೇಳಿ, ಚೂರು ಚೂರು ಸುಳಿವುಗಳಿಂದ ಆ ಕೋಣೆ ಇರುವ ಜಾಗವನ್ನು ಕಂಡುಹಿಡಿಯುವ ಪೊಲೀಸ್ ಅಧಿಕಾರಿ. ತಾಯಿಯ ಧೈರ್ಯ ಮಗುವನ್ನು ಬಾಗಿಲಿನ ಆಚೆಗೆ ತಲುಪಿಸುತ್ತದೆ. ಅಲ್ಲಿಂದ ಮುಂದೆ ಅದನ್ನು ಕಾಯುವುದು ಪರರ ಎಚ್ಚರ.

ಇದನ್ನು ಅರಿಯಲು ನಾವು ಕೊರಿಯಾದವರೆಗೋ ಅಮೆರಿಕದವರೆಗೋ ಹೋಗಬೇಕಾಗಿಯೂ ಇಲ್ಲ. ನಾವೆಲ್ಲರೂ ತೊಟ್ಟಿಲಿನಲ್ಲಿಯೇ ಕೇಳಿದ ಗೋವಿನ ಹಾಡು ಇದೇ ಬಗೆಯ ಕಥೆಯಲ್ಲವೇ? ಹಸಿದ ಹುಲಿ, ಕಾಡಿನಲ್ಲಿ ಸಿಕ್ಕಿಬಿದ್ದ ತಾಯಿ, ಕೊಟ್ಟಿಗೆಯಲ್ಲಿ ಕಾದು ನಿಂತ ಎಳೆಗರು. ಪುಣ್ಯಕೋಟಿಯ ಕಥೆಯನ್ನು ನಾವು ಯಾವಾಗಲೂ ಸತ್ಯನಿಷ್ಠೆಯ ಕಥೆಯೆಂದೇ ಮಕ್ಕಳಿಗೆ ಹೇಳುತ್ತೇವೆ. ಶಾಲೆಯಲ್ಲಿಯೂ ಹಾಗೆಯೇ ಕಲಿತಿದ್ದೇವೆ. ಅದು ಸರಿಯೇ. ಆದರೆ ಆ ಹಾಡಿನ ನಡುವೆ ನಾವು ಅಷ್ಟಾಗಿ ಗಮನಿಸದ ಒಂದು ಪ್ರಸಂಗವಿದೆ. ಕರುವಿಗೆ ಹಾಲೂಡಿಸಿದ ಮೇಲೆ ಪುಣ್ಯಕೋಟಿ ನೇರವಾಗಿ ಹುಲಿಯ ಗವಿಗೆ ಹಿಂದಿರುಗುವುದಿಲ್ಲ. ಮೊದಲು ದೊಡ್ಡಿಯ ಉಳಿದ ಹಸುಗಳ ಬಳಿಗೆ ಹೋಗುತ್ತಾಳೆ. ಅವರನ್ನು ತಾಯಂದಿರೆಂದು, ಒಡಹುಟ್ಟಿದವರೆಂದು ಕರೆದು, ತಬ್ಬಲಿಯಾಗಲಿರುವ ಕರುವನ್ನು ನಿಮ್ಮದೆಂದೇ ಕಾಣಿರಿ ಎಂದು ಬೇಡಿಕೊಳ್ಳುತ್ತಾಳೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹೊರಟ ಆ ತಾಯಿಗೆ ತನ್ನ ಕರುವನ್ನು ಒಪ್ಪಿಸಿ ಹೋಗಲು ಒಂದು ದೊಡ್ಡಿ ಇತ್ತು.

ನಮಗೆ ಇಲ್ಲಿ ಅಂಥ ದೊಡ್ಡಿ ಇದೆಯೇ? ಊರಿನಲ್ಲಿದ್ದಾಗ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಅಜ್ಜಿ ಜಗಲಿಯಲ್ಲಿ ಕುಳಿತಿರುತ್ತಿದ್ದರು, ಚಿಕ್ಕಪ್ಪ ಅಂಗಡಿಗೆ ಹೋಗುವಾಗ ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರು, ಎದುರು ಮನೆಯವರು ‘ಏ ಪುಟ್ಟಾ, ಎಲ್ಲಿಗೆ ಹೊರಟೆ?’ ಎಂದು ಗದರುತ್ತಿದ್ದರು. ಈ ಕಣ್ಣುಗಳನ್ನು ನಾವು ಕಾವಲು ಎಂದು ಎಣಿಸಿರಲೇ ಇಲ್ಲ. ಕೆಲವೊಮ್ಮೆ ಅವು ನಮಗೆ ಕಿರಿಕಿರಿಯೂ ಆಗಿದ್ದವು. ಕತಾರಿಗೆ ಬರುವಾಗ ಬಟ್ಟೆಬರೆ, ಉಪ್ಪಿನಕಾಯಿ, ಸಾರಿನ ಪುಡಿ ಎಲ್ಲವನ್ನೂ ಕಟ್ಟಿಕೊಂಡು ಬಂದೆವು. ಆ ಕಣ್ಣುಗಳನ್ನು ತರಲಾಗಲಿಲ್ಲ. ಈಗ ಮೂರು ಜನರ ಸಂಸಾರದಲ್ಲಿ ಇಬ್ಬರು ಕೆಲಸಕ್ಕೆ ಹೋದರೆ, ಮೂರನೆಯವರು ಶಾಲೆಯ ಬಸ್ಸಿನಲ್ಲಿರುತ್ತಾರೆ.

ಇದು ಕೇವಲ ಊರಿನ ಹಂಬಲದ ಮಾತಲ್ಲ. ಈ ನಾಡಿನಲ್ಲಿಯೇ ನಡೆದ ಎರಡು ದುರಂತಗಳು ನಮ್ಮ ಮುಂದಿವೆ. 2012ರ ಮೇ 28ರಂದು ದೋಹಾದ ವಿಲ್ಲಾಜಿಯೊ ಮಾಲ್‌ನಲ್ಲಿ ಬೆಂಕಿ ಹೊತ್ತಿಕೊಂಡಾಗ 19 ಮಂದಿ ಅಸುನೀಗಿದರು. ಅವರಲ್ಲಿ 13 ಮಂದಿ ಅಲ್ಲಿನ ಶಿಶುವಿಹಾರದಲ್ಲಿದ್ದ ಎಳೆಯ ಮಕ್ಕಳು. ಮೆಟ್ಟಿಲು ಕುಸಿದು ದಾರಿ ಮುಚ್ಚಿಹೋದುದರಿಂದ ರಕ್ಷಣಾ ಸಿಬ್ಬಂದಿ ಛಾವಣಿಯನ್ನು ಒಡೆದು ಒಳನುಗ್ಗಬೇಕಾಯಿತು. ಆ ಮಕ್ಕಳ ಜೊತೆಯಲ್ಲಿಯೇ ನಾಲ್ವರು ಶಿಕ್ಷಕಿಯರೂ, ಅವರನ್ನು ಉಳಿಸಲು ಹೋದ ಇಬ್ಬರು ಅಗ್ನಿಶಾಮಕ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು. ಕೊನೆಯ ಗಳಿಗೆಯಲ್ಲಿ ಆ ಮಕ್ಕಳ ಬಳಿ ಇದ್ದವರು ಹೆತ್ತವರಾಗಿರಲಿಲ್ಲ. ಸಂಬಳಕ್ಕೆ ದುಡಿಯುತ್ತಿದ್ದ, ನಮ್ಮಂತೆಯೇ ದೂರದ ದೇಶಗಳಿಂದ ಬಂದಿದ್ದ ಹೆಣ್ಣುಮಕ್ಕಳಾಗಿದ್ದರು.

ಎರಡನೆಯದು 2022ರ ಸೆಪ್ಟೆಂಬರ್ ತಿಂಗಳಿನದು. ಅಲ್ ವಕ್ರಾದಲ್ಲಿ ನಾಲ್ಕು ವರ್ಷದ ಒಬ್ಬ ಭಾರತೀಯ ಬಾಲಕಿ ಶಾಲೆಗೆ ಹೋಗುವ ಬಸ್ಸಿನಲ್ಲಿ ನಿದ್ರೆಗೆ ಜಾರಿದಳು. ಉಳಿದ ಮಕ್ಕಳು ಇಳಿದರು. ಆಸನಗಳನ್ನು ಯಾರೂ ಮತ್ತೊಮ್ಮೆ ನೋಡಲಿಲ್ಲ. ಬಸ್ಸಿನ ಬಾಗಿಲು ಮುಚ್ಚಿತು. ಬಿಸಿಲಿನಲ್ಲಿ ನಿಂತ ಆ ಬಸ್ಸಿನಲ್ಲಿ ಮಗು ಉಳಿಯಲಿಲ್ಲ. ಶಿಕ್ಷಣ ಸಚಿವಾಲಯವು ತನಿಖೆ ನಡೆಸಿ ಆ ಶಿಶುವಿಹಾರವನ್ನು ಮುಚ್ಚಿಸಿತು. ಆ ವಾರ ನಮ್ಮ ಮನೆಗಳಲ್ಲಿ ಮಕ್ಕಳನ್ನು ಬಸ್ಸು ಹತ್ತಿಸುವಾಗ ಕೈಗಳು ನಡುಗಿದ್ದು ನಿಮಗೂ ನೆನಪಿರಬಹುದು.

ಈ ಎರಡೂ ಪ್ರಸಂಗಗಳಲ್ಲಿ ಚಲನಚಿತ್ರದ ಖಳನಾಯಕನಂಥವನು ಯಾರೂ ಇಲ್ಲ. ತಂದೆ ಎಷ್ಟು ಬಲಶಾಲಿಯಾಗಿದ್ದರೂ, ತಾಯಿ ಎಷ್ಟು ಧೈರ್ಯವಂತೆಯಾಗಿದ್ದರೂ ಆ ಗಳಿಗೆಯಲ್ಲಿ ಮಾಡಬಹುದಾದುದು ಏನೂ ಇರಲಿಲ್ಲ, ಏಕೆಂದರೆ ಅವರು ಅಲ್ಲಿರಲಿಲ್ಲ. ಮಗುವನ್ನು ಉಳಿಸಬಹುದಾಗಿದ್ದುದು ಬಹಳ ಸಣ್ಣ ಕೆಲಸಗಳು: ತೆರೆದಿರುವ ಎರಡನೆಯ ದಾರಿ, ಸರಿಯಾಗಿ ಕೂಗುವ ಎಚ್ಚರಿಕೆಯ ಗಂಟೆ, ಬಸ್ಸಿನ ಕೊನೆಯ ಆಸನದವರೆಗೆ ನಡೆದು ಬರುವ ಒಬ್ಬ ಮನುಷ್ಯ, ‘ಈ ಮಗು ಇಂದು ಏಕೆ ತರಗತಿಗೆ ಬಂದಿಲ್ಲ?’ ಎಂದು ಮನೆಗೆ ಹೋಗುವ ಒಂದು ಕರೆ. ಇವುಗಳನ್ನು ತೆರೆಯ ಮೇಲೆ ತೋರಿಸಿದರೆ ಯಾರೂ ಉಸಿರು ಬಿಗಿಹಿಡಿಯುವುದಿಲ್ಲ. ಆದರೂ ಮಕ್ಕಳ ಪ್ರಾಣ ನಿಂತಿರುವುದು ಇವುಗಳ ಮೇಲೆಯೇ.

ಬೇಜವಾಬ್ದಾರಿಯವರಿಗೆ ಮಾತ್ರ ಹೀಗಾಗುತ್ತದೆ, ನನಗಾಗದು ಎಂದು ಮನಸ್ಸು ಹೇಳುತ್ತದೆ. ಅಲ್ಲಿಯೇ ನಾವು ಎಡವುತ್ತೇವೆ. ಅಮೆರಿಕದಲ್ಲಿ ಪ್ರತಿ ವರ್ಷ ಸರಾಸರಿ 37 ಮಕ್ಕಳು ಬಿಸಿಲಿನಲ್ಲಿ ನಿಂತ ವಾಹನಗಳಲ್ಲಿ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳನ್ನು ಅಲ್ಲಿ ಮರೆತವರು ಪ್ರೀತಿಯಿಂದ ಸಾಕುತ್ತಿದ್ದವರೇ. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ನರವಿಜ್ಞಾನಿ ಡೇವಿಡ್ ಡೈಮಂಡ್ ಇದನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ. ಅವರ ವಿವರಣೆ ಹೀಗಿದೆ: ದಿನವೂ ಮಾಡುವ ಕೆಲಸಗಳನ್ನು ನಡೆಸುವ ಅಭ್ಯಾಸದ ನೆನಪು ಒಂದು, ಇಂದು ಹೊಸದಾಗಿ ಮಾಡಬೇಕಾದುದನ್ನು ಹಿಡಿದಿಟ್ಟುಕೊಳ್ಳುವ ನೆನಪು ಇನ್ನೊಂದು. ನಿದ್ರೆಗೆಟ್ಟಾಗ, ಒತ್ತಡದಲ್ಲಿದ್ದಾಗ, ದಿನಚರಿ ಬದಲಾದಾಗ ಮೊದಲನೆಯದು ಎರಡನೆಯದನ್ನು ನುಂಗಿಹಾಕುತ್ತದೆ. ಎಂದಿನ ದಾರಿಯಲ್ಲಿ ಕೈಕಾಲುಗಳು ತಾವಾಗಿಯೇ ಕಚೇರಿಗೆ ಕಾರು ಓಡಿಸುತ್ತವೆ. ಹಿಂದಿನ ಆಸನದಲ್ಲಿ ಸದ್ದಿಲ್ಲದೆ ಮಲಗಿರುವ ಮಗು ಮನಸ್ಸಿನಿಂದ ಜಾರಿಹೋಗುತ್ತದೆ. ಪ್ರೀತಿ ಇದ್ದ ಮಾತ್ರಕ್ಕೆ ಮರೆವು ಬಾರದೆ ಇರುವುದಿಲ್ಲ.

ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ಎಳೆಯ ಮಕ್ಕಳ ದೇಹ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ವೇಗವಾಗಿ ಬಿಸಿಯಾಗುತ್ತದೆ. ಹೊರಗೆ ನೆರಳಿನಲ್ಲಿಯೇ 45 ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಎರಡೇ ನಿಮಿಷ, ಕುಬ್ಬೂಸ್ ತೆಗೆದುಕೊಂಡು ಬಂದೆ’ ಎನ್ನುವ ಎರಡು ನಿಮಿಷ ಎಷ್ಟು ಉದ್ದವಾಗಬಹುದು ಎಂಬುದನ್ನು ಅಂಗಡಿಯ ಸಾಲಿನಲ್ಲಿ ನಿಂತ ಯಾರಾದರೂ ಬಲ್ಲರು.

ಎಲ್ಲವೂ ದುರಂತದಲ್ಲಿಯೇ ಕೊನೆಗೊಳ್ಳುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ತಾಯ್ನಾಡಿನಿಂದ ಬಂದ ಒಂದು ಸುದ್ದಿಯನ್ನು ಇಲ್ಲಿ ನೆನೆಯುತ್ತೇನೆ. 2024ರ ಏಪ್ರಿಲ್ 3ರ ಸಂಜೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ, ಇನ್ನೂ ಎರಡು ವರ್ಷವೂ ತುಂಬದ ಮಗುವೊಂದು ತಮ್ಮದೇ ಹೊಲದ ತೆರೆದ ಕೊಳವೆಬಾವಿಗೆ ತಲೆಕೆಳಗಾಗಿ ಬಿತ್ತು. ಕರ್ನಾಟಕಕ್ಕೆ ಇಂಥ ಸುದ್ದಿಗಳು ಹೊಸವಲ್ಲ, ಮತ್ತು ಅವು ಹೆಚ್ಚಾಗಿ ಮುಗಿಯುವುದು ಕಣ್ಣೀರಿನಲ್ಲಿ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಬಾಲಕನೊಬ್ಬನನ್ನೂ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಾಲಕಿಯೊಬ್ಬಳನ್ನೂ ಜೀವಂತವಾಗಿ ಮೇಲೆತ್ತಲಾಗಲಿಲ್ಲ. ಆದರೆ ಲಚ್ಯಾಣದಲ್ಲಿ ರಾತ್ರಿಯಿಡೀ ಪಕ್ಕದಲ್ಲಿ ಸಮಾನಾಂತರವಾಗಿ ಗುಂಡಿ ತೋಡಿದರು. ಮಗುವಿಗೆ ಆಮ್ಲಜನಕ ಒದಗಿಸಿದರು. ಕ್ಯಾಮೆರಾ ಇಳಿಸಿ ಅದರ ಪಾದಗಳ ಅಲುಗಾಟವನ್ನು ಗಮನಿಸುತ್ತಾ ಕೂತರು. ಗಟ್ಟಿ ಬಂಡೆಯನ್ನು ಮಗುವಿಗೆ ಪೆಟ್ಟಾಗದಂತೆ ಕೊರೆದರು. ಸುಮಾರು 20 ಗಂಟೆಗಳ ಬಳಿಕ ಮಗು ಜೀವಂತವಾಗಿ ಹೊರಬಂತು.

ಅಂದು ಇಲ್ಲಿ ದೋಹಾದಲ್ಲಿ ಕುಳಿತು ಮೊಬೈಲಿನಲ್ಲಿ ಆ ದೃಶ್ಯ ನೋಡಿ ನಾವೆಷ್ಟು ಜನ ಕಣ್ಣೊರೆಸಿಕೊಂಡೆವು! ಗುಂಡಿಯ ಅಂಚಿನಲ್ಲಿ ಆ ತಾಯಿ ಇದ್ದಳು, ತಂದೆ ಇದ್ದ. ಅವರಿಂದ ಆಗಬಹುದಾದುದು ಕಾಯುವುದು ಮಾತ್ರ. ಮಗುವನ್ನು ಮೇಲೆತ್ತಿದವರು ವಿಪತ್ತು ನಿರ್ವಹಣಾ ಪಡೆಗಳವರು, ಅಗ್ನಿಶಾಮಕ ದಳದವರು, ಯಂತ್ರ ನಡೆಸುವವರು, ವೈದ್ಯರು. ಮತ್ತು ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಬಳಕೆಯಲ್ಲಿಲ್ಲದ ಕೊಳವೆಬಾವಿಗಳನ್ನು ಮುಚ್ಚಬೇಕು, ಕೊರೆಯುವಾಗ ಸುತ್ತಲೂ ಬೇಲಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಸೂಚಿಸಿತ್ತು. ಇಪ್ಪತ್ತು ಗಂಟೆಗಳ ಸಾಹಸವನ್ನು ದೇಶವೇ ನೋಡಿತು. ಅದನ್ನು ತಪ್ಪಿಸಬಹುದಾಗಿದ್ದ ಒಂದು ಮುಚ್ಚಳದ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ನನ್ನ ಈ ಮಾತಿಗೆ ಬರಬಹುದಾದ ಎರಡು ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು: ಮಗುವಿನ ಹೊಣೆ ಹೆತ್ತವರದೇ, ಅದನ್ನು ಪರರ ಮೇಲೆ ಹೊರಿಸುವುದು ಸರಿಯೇ? ಹೊಣೆ ನಮ್ಮದೇ, ಅದರಲ್ಲಿ ಸಂಶಯವಿಲ್ಲ. ಆದರೆ ನಾವು ಇಲ್ಲದ ಹೊತ್ತಿನಲ್ಲಿ ಯಾರು ಎಂಬುದನ್ನು ಮುಂಚಿತವಾಗಿ ನಿಶ್ಚಯಿಸುವುದೂ ಆ ಹೊಣೆಯ ಭಾಗವೇ. ಪುಣ್ಯಕೋಟಿ ಮಾಡಿದ್ದೂ ಅದನ್ನೇ. ಎರಡನೆಯದು ಇನ್ನೂ ಗಂಭೀರವಾದುದು: ಇಂದಿನ ಕಾಲದಲ್ಲಿ ಯಾರನ್ನು ನಂಬುವುದು? ಮಕ್ಕಳಿಗೆ ಕೇಡು ಮಾಡುವವರು ಬಹಳ ಸಲ ಪರಿಚಿತರೇ ಆಗಿರುತ್ತಾರಲ್ಲ? ಈ ಭಯಕ್ಕೆ ಆಧಾರವಿದೆ, ಅದನ್ನು ತಳ್ಳಿಹಾಕಲಾರೆ. ಆದ್ದರಿಂದಲೇ ನಾನು ಹೇಳುತ್ತಿರುವುದು ಕುರುಡು ನಂಬಿಕೆಯ ಮಾತಲ್ಲ. ಒಬ್ಬರನ್ನೇ ಅವಲಂಬಿಸದೆ ಹಲವು ಕುಟುಂಬಗಳು ಪರಸ್ಪರ ಬಲ್ಲವಾಗಿರುವುದು, ಮಕ್ಕಳು ಯಾವುದನ್ನೂ ಮುಚ್ಚಿಡದೆ ಹೇಳುವಂಥ ಸಲುಗೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವುದು, ಯಾರ ಬಗ್ಗೆ ಮಗು ಹಿಂಜರಿಯುತ್ತದೆಯೋ ಅವರ ಬಳಿ ಬಿಡದಿರುವುದು. ಬಾಗಿಲು ಹಾಕಿಕೊಂಡು ಒಂಟಿಯಾಗಿ ಬದುಕುವ ಮನೆಯಲ್ಲಿ ಮಗು ಹೆಚ್ಚು ಸುರಕ್ಷಿತವಲ್ಲ. ಅಲ್ಲಿ ಏನಾದರೂ ತಪ್ಪಾದರೆ ಗಮನಿಸುವವರೂ ಇರುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಮನೆಯ ಮಟ್ಟದಲ್ಲಿ ನಾಲ್ಕು ಸಣ್ಣ ಕೆಲಸಗಳನ್ನು ಈ ವಾರವೇ ಮುಗಿಸಬಹುದು. ಮೊದಲನೆಯದಾಗಿ, ನಿಮ್ಮ ಮಗುವಿಗಾಗಿ ಎರಡು ಕುಟುಂಬಗಳನ್ನು ನಿಶ್ಚಯಿಸಿಕೊಳ್ಳಿ. ಒಂದು ನಡೆದು ತಲುಪುವಷ್ಟು ಹತ್ತಿರದ್ದಿರಲಿ. ಅದು ಕನ್ನಡದ ಕುಟುಂಬವೇ ಆಗಬೇಕೆಂದಿಲ್ಲ. ಅವರ ಮನೆಗೆ ಹೋಗಿ, ಬಾಯಿಬಿಟ್ಟು ಕೇಳಿ, ಅವರಿಗೂ ನೀವು ಹಾಗೆಯೇ ಇರುವುದಾಗಿ ಮಾತು ಕೊಡಿ. ಎರಡನೆಯದಾಗಿ, ತಂದೆ ತಾಯಿಯರ ಪೂರ್ಣ ಹೆಸರನ್ನೂ ಕನಿಷ್ಠ ಒಂದು ದೂರವಾಣಿ ಸಂಖ್ಯೆಯನ್ನೂ ಮಗುವಿಗೆ ಬಾಯಿಪಾಠ ಮಾಡಿಸಿ. ನಮ್ಮ ಕಟ್ಟಡದ ಗೋಡೆಯ ಮೇಲಿರುವ ನೀಲಿ ಫಲಕದಲ್ಲಿ ವಲಯ, ರಸ್ತೆ ಮತ್ತು ಕಟ್ಟಡದ ಸಂಖ್ಯೆಗಳಿವೆ. 999ಕ್ಕೆ ಕರೆ ಮಾಡಿದಾಗ ಮನೆ ಎಲ್ಲಿದೆ ಎಂದು ಹೇಳಲು ಆ ಮೂರು ಸಂಖ್ಯೆಗಳು ಬೇಕು. ಅವನ್ನು ಬಾಗಿಲ ಹಿಂದೆ ಬರೆದು ಅಂಟಿಸಿ. ಮೂರನೆಯದಾಗಿ, ಚಿಕ್ಕ ಮಗು ಕಾರಿನಲ್ಲಿರುವಾಗ ನಿಮ್ಮ ಕೈಚೀಲವನ್ನೋ ಕಚೇರಿಯ ಗುರುತಿನ ಚೀಟಿಯನ್ನೋ ಹಿಂದಿನ ಆಸನದಲ್ಲಿಡುವ ರೂಢಿ ಮಾಡಿಕೊಳ್ಳಿ. ಇಳಿಯುವಾಗ ಹಿಂದಿನ ಬಾಗಿಲು ತೆರೆಯದೆ ನಿಮ್ಮ ದಿನ ಆರಂಭವಾಗದು. ನಾಲ್ಕನೆಯದಾಗಿ, ಮಗು ತರಗತಿಗೆ ಬಾರದಿದ್ದರೆ ತಕ್ಷಣ ಕರೆ ಮಾಡುವ ಪದ್ಧತಿ ನಿಮ್ಮ ಶಾಲೆಯಲ್ಲಿ ಇದೆಯೇ ಎಂದು ವಿನಯದಿಂದ ವಿಚಾರಿಸಿ. ಇಲ್ಲವೆಂದಾದರೆ ಬೇಕೆಂದು ಒತ್ತಾಯಿಸಿ. ಮಗು ರಜೆಯಲ್ಲಿದ್ದರೆ ಬೆಳಿಗ್ಗೆಯೇ ಶಾಲೆಗೆ ತಿಳಿಸುವುದು ನಮ್ಮ ಪಾಲಿನ ಕರ್ತವ್ಯ. ನಾವು ತಿಳಿಸದೆ ಸುಮ್ಮನಿದ್ದರೆ, ಗೈರುಹಾಜರಿಯಲ್ಲಿ ಗಾಬರಿಪಡಬೇಕಾದುದು ಯಾವುದು ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಇನ್ನು ನಮ್ಮ ಸಂಘದ ಮಟ್ಟದಲ್ಲಿ ಎರಡು ವಿನಂತಿಗಳಿವೆ. ರಾಜ್ಯೋತ್ಸವದ ಸಂಜೆಯನ್ನು ಕಣ್ಣಮುಂದೆ ತಂದುಕೊಳ್ಳಿ. ವೇದಿಕೆಯ ಮೇಲೆ ನೃತ್ಯ ನಡೆಯುತ್ತಿದೆ, ತಂದೆ ತಾಯಿಯರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಾರೆ, ಉಳಿದ ಮಕ್ಕಳ ಹಿಂಡು ಪರದೆಯ ಹಿಂದೆ, ಮೆಟ್ಟಿಲುಗಳ ಮೇಲೆ, ಕೆಲವೊಮ್ಮೆ ವಾಹನ ನಿಲ್ಲಿಸುವ ಜಾಗದಲ್ಲಿ ಓಡಾಡುತ್ತಿದೆ. ಎಲ್ಲರೂ ನಮ್ಮವರೇ ಎಂಬ ನೆಮ್ಮದಿಯಲ್ಲಿ ಯಾರೂ ನೋಡುತ್ತಿರುವುದಿಲ್ಲ. ಊಟದ ಉಸ್ತುವಾರಿಗೆ, ಧ್ವನಿವ್ಯವಸ್ಥೆಗೆ, ಅತಿಥಿಗಳ ಸ್ವಾಗತಕ್ಕೆ ಸ್ವಯಂಸೇವಕರನ್ನು ನೇಮಿಸುವ ನಾವು ಪ್ರತಿ ಕಾರ್ಯಕ್ರಮದಲ್ಲಿಯೂ ಮಕ್ಕಳ ಉಸ್ತುವಾರಿಗೆಂದೇ ಇಬ್ಬರನ್ನು, ಗುರುತಿಸುವಂಥ ಬಣ್ಣದ ಶಾಲು ಹೊದಿಸಿ, ಬಾಗಿಲ ಬಳಿ ನಿಲ್ಲಿಸೋಣ. ತುರ್ತು ನಿರ್ಗಮನದ ಬಾಗಿಲುಗಳು ಎಲ್ಲಿವೆ, ಅವುಗಳಿಗೆ ಕುರ್ಚಿಗಳು ಅಡ್ಡವಾಗಿಲ್ಲವೇ ಎಂದು ಪ್ರಾರ್ಥನಾಗೀತೆಗೆ ಮೊದಲು ಒಬ್ಬರು ನೋಡಿ ಬರಲಿ. ವಿಲ್ಲಾಜಿಯೊ ದುರಂತವಾದ ನಾಡಿನಲ್ಲಿ ನಾವು ಅಷ್ಟನ್ನಾದರೂ ಮಾಡಬೇಕು.

ಎರಡನೆಯ ವಿನಂತಿ: ನಜ್ಮಾ, ಮಾಮೂರಾ, ವಕ್ರಾ ಎಂದು ಬಡಾವಣೆಗಳಿಗೆ ಅನುಗುಣವಾಗಿ ಸದಸ್ಯ ಕುಟುಂಬಗಳ ಪಟ್ಟಿಯೊಂದನ್ನು, ಒಪ್ಪಿಗೆ ಕೊಟ್ಟವರ ಮಟ್ಟಿಗೆ, ಸಂಘವು ಸಿದ್ಧಪಡಿಸಲಿ. ಹೊಸದಾಗಿ ಬಂದ ಕುಟುಂಬಕ್ಕೆ ಸದಸ್ಯತ್ವದ ಚೀಟಿಯ ಜೊತೆಗೆ ‘ನಿಮ್ಮ ಹತ್ತಿರದವರು ಇವರು’ ಎಂದು ಎರಡು ಮನೆಗಳ ಪರಿಚಯವನ್ನೂ ಮಾಡಿಸೋಣ. ನಮ್ಮಲ್ಲಿ ಬಂದು ವರ್ಷವಾದರೂ ಯಾರ ಮನೆಯ ಬಾಗಿಲನ್ನೂ ತಟ್ಟದ ಎಳೆಯ ದಂಪತಿಗಳಿದ್ದಾರೆ. ಅವರಿಗೆ ಸಂಕೋಚ, ನಮಗೆ ಬಿಡುವಿಲ್ಲ. ಈ ಎರಡರ ನಡುವೆ ಒಂದು ಮಗು ಬೆಳೆಯುತ್ತಿದೆ.

ಆ ಜೂನ್ ರಾತ್ರಿ ನಾನು ಮೇಲ್ಮಹಡಿಯ ಬಾಗಿಲು ತಟ್ಟಿದಾಗ ಗಂಟೆ ಒಂಬತ್ತು ದಾಟಿತ್ತು. ಮಗಳು ಆ ಮನೆಯ ಮಕ್ಕಳ ನಡುವೆ ಪ್ಯಾಸೇಜಿನ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಎತ್ತಿಕೊಳ್ಳಲು ಬಾಗಿದಾಗ ಅಕ್ಕ ತಡೆದರು: “ಇವತ್ತು ಇಲ್ಲೇ ಇರಲಿ, ಎಬ್ಬಿಸಬೇಡಿ. ನಿಮಗೂ ಊಟ ಆಗಿಲ್ಲ ಅಲ್ವಾ, ಕೂತ್ಕೊಳ್ಳಿ.” ನಾನು ಕುಳಿತು ಊಟ ಮಾಡಿದೆ. ಮರುದಿನ ಸಂಜೆ ನಾನೂ ಪತ್ನಿಯೂ ಮತ್ತೆ ಅವರ ಮನೆಗೆ ಹೋಗಿ, ಅವರ ಇಬ್ಬರು ಮಕ್ಕಳ ಶಾಲೆ, ಬಸ್ಸಿನ ಸಂಖ್ಯೆ, ಔಷಧಿಯ ವಿವರ ಎಲ್ಲವನ್ನೂ ಬರೆದುಕೊಂಡು ಬಂದೆವು. ಅವರ ಮಕ್ಕಳಿಗಾಗಿ ಅಂಥ ಒಂದು ರಾತ್ರಿ ಬಂದರೆ ಕರೆಗೆ ಉತ್ತರಿಸಬೇಕಾದವರು ನಾವು.